ನೀಲಿ ಪಟ್ಟಿಯ ಗಿಡಗಳು

ಎಲೆಯ ತುದಿ ಮಾತ್ರ ಸುಟ್ಟಿದ್ದರೆ ಒಂದು. ಅಂಚು ಪೂರ್ತಿ ಸುಟ್ಟಿದ್ದರೆ ಎರಡು. ಅರ್ಧ ಎಲೆ ಹೋಗಿದ್ದರೆ ಮೂರು, ಎಲೆಗಳು ಉದುರತೊಡಗಿದ್ದರೆ ನಾಲ್ಕು, ಗಿಡ ಸತ್ತಿದ್ದರೆ ಐದು. ಹತ್ತು ತಿಂಗಳಿಂದ ಪ್ರತಿ ಸೋಮವಾರ ಬೆಳಿಗ್ಗೆ ಅವನು ಅರವತ್ತು ನಿಂಬೆ ಗಿಡಗಳ ಎದುರು ಒಂದೊಂದಾಗಿ ನಿಂತು ಈ ಅಂಕಿಗಳನ್ನು ಬರೆದುಕೊಂಡಿದ್ದ. ಇವತ್ತು ಸೋಮವಾರವಲ್ಲ, ಬರೆಯುವುದಕ್ಕೆ ಏನೂ ಇರಲಿಲ್ಲ. ಜೀಪು ಹೊರಡುವುದಕ್ಕೆ ಇನ್ನೂ ಇಪ್ಪತ್ತು ನಿಮಿಷ ಇತ್ತು, ಎಲ್ಲಿಯಾದರೂ ನಿಂತಿರಬೇಕಿತ್ತು, ಕಾಲು ತಾನಾಗಿ ಇಲ್ಲಿಗೆ ಬಂದಿತ್ತು. ಶೆಡ್ಡಿನ ತಗಡಿನ ಕೆಳಗೆ ಎರಡು ಸಾಲು ಡ್ರಮ್ಮುಗಳು. ಎಡಗಡೆಯ ಮೂವತ್ತಕ್ಕೆ ಬಿಳಿ ಪಟ್ಟಿ, ಬಲಗಡೆಯ ಮೂವತ್ತಕ್ಕೆ ನೀಲಿ. ಪಟ್ಟಿ ಬಳಿದವನೂ ಅವನೇ. ಎರಡು ಸಾಲಿಗೂ ಒಂದೇ ಟ್ಯಾಂಕಿನ ನೀರು. ದಿನಾ ಬೆಳಿಗ್ಗೆ ಅವನು ಉಪ್ಪು ತೂಗಿ ಸುರಿದು ಕೋಲಿನಿಂದ ಕಲಕಿದ ನೀರು. ವ್ಯತ್ಯಾಸ ಇಷ್ಟೇ: ಹದಿನೈದು ದಿನಕ್ಕೊಮ್ಮೆ ನೀಲಿ ಪಟ್ಟಿಯ ಗಿಡಗಳ ಎಲೆಗೆ ದ್ರಾವಣ ಸಿಂಪಡಿಸಬೇಕು, ಬಿಳಿ ಪಟ್ಟಿಯವಕ್ಕೆ ಬರೀ ನೀರು. ಬಿಳಿ ಸಾಲು ಈಗ ಮಣ್ಣಿಗೆ ಚುಚ್ಚಿಟ್ಟ ಒಣಕಡ್ಡಿಗಳ ಹಾಗಿತ್ತು. ನೀಲಿ ಸಾಲಿನ ಗಿಡಗಳು ಗಿಡ್ಡವಾಗಿ, ದಪ್ಪ ಎಲೆಯಾಗಿ, ಯಾರೋ ಎಣ್ಣೆ ಒರೆಸಿದ ಹಾಗೆ ಹೊಳೆಯುತ್ತಿದ್ದವು. ನೋಡಿದವರೆಲ್ಲ ಅಬ್ಬಾ ಅನ್ನುತ್ತಿದ್ದರು. ಅವನಿಗೆ ಏನೂ ಅನ್ನಿಸುತ್ತಿರಲಿಲ್ಲ. ಮೊದಮೊದಲು ಯಾರಾದರೂ ಹೊಗಳಿದರೆ ತಲೆ ತಗ್ಗಿಸಿ ಬೇರೆ ಕಡೆ ಸರಿಯುವುದಾದರೂ ಇತ್ತು. ಈಚೆಗೆ ಅದೂ ನಿಂತಿತ್ತು, ಬಹಳ ಹೊತ್ತು ಮಡಚಿಕೊಂಡು ಕೂತ ಕಾಲು ಜೋಮು ಹಿಡಿದ ಹಾಗೆ. ಚಿವುಟಿದರೆ ಚಿವುಟಿದ್ದು ಗೊತ್ತಾಗುತ್ತದೆ, ಆದರೆ ಚಿವುಟಿದ್ದು ತನ್ನನ್ನೇ ಅಂತ ಅನ್ನಿಸುವುದಿಲ್ಲ.

ಸಂಶೋಧನಾ ಕೇಂದ್ರದ ಮುಖ್ಯಸ್ಥರು ಬಂದವರಿಗೆ ವಿವರಿಸುವ ರೀತಿ ಅವನಿಗೆ ಬಾಯಿಪಾಠ. "ಇದು ಗೊಬ್ಬರ ಅಲ್ಲ, ಹುಳಕ್ಕೆ ಹೊಡೆಯೋ ಔಷಧಿನೂ ಅಲ್ಲ. ಬೆಳವಣಿಗೆ ನಿಯಂತ್ರಕ. ಗಿಡದ ಒಳಗೇ ಇಂಥದ್ದೆಲ್ಲ ಇರುತ್ತೆ, ನಾವು ಹೊರಗಿಂದ ಒಂದು ಚೂರು ಕೊಡ್ತೀವಿ, ಅಷ್ಟೇ. ಅದು ಗಿಡಕ್ಕೆ ಏನು ಹೇಳುತ್ತೆ? ಸುಮ್ನೆ ಮೇಲಕ್ಕೆ ಬೆಳೀಬೇಡ, ಬೇರು ಗಟ್ಟಿ ಮಾಡ್ಕೊ, ಎಲೆ ದಪ್ಪ ಮಾಡ್ಕೊ, ಉಪ್ಪು ಬಂದ್ರೆ ತಡ್ಕೊ." ಇಲ್ಲಿ ಅವರು ಸ್ವಲ್ಪ ನಿಲ್ಲಿಸಿ ಅವನ ಭುಜದ ಮೇಲೆ ಕೈಯಿಡುತ್ತಾರೆ. "ನಮ್ಮ ಇವನ ಹಾಗೆ." ಅವನು ಕುಳ್ಳ. ಎಲ್ಲರೂ ನಗುತ್ತಾರೆ. ಅವನೂ ನಗುತ್ತಾನೆ. ಒಂದು ಸಲ ಯಾರೂ ನಗದೆ ಇದ್ದಾಗ ಅವನೊಬ್ಬನೇ ನಕ್ಕಿದ್ದ. ಕಚೇರಿಯ ಗೋಡೆಗೆ ಅಂಟಿಸಿದ ದೊಡ್ಡ ಚಿತ್ರದಲ್ಲಿ ಒಂದು ಬಿಳಿ ಪಟ್ಟಿಯ ಗಿಡ, ಒಂದು ನೀಲಿ ಪಟ್ಟಿಯ ಗಿಡ ಪಕ್ಕಪಕ್ಕ ನಿಂತಿವೆ. ನಡುವೆ ಅಳತೆಯ ಕೋಲು ಹಿಡಿದ ಒಂದು ಕೈ. ಆ ಕೈ ಅವನದು. ಮಿಕ್ಕ ಅವನನ್ನು ಕತ್ತರಿಸಿದ್ದರು.

ಡ್ರೈವರ್ ಹಾರ್ನ್ ಹೊಡೆದ. ಅವನು ಐದು ಲೀಟರಿನ ದ್ರಾವಣದ ಕ್ಯಾನು, ಅಳತೆಯ ಲೋಟ, ಕೈಗವಸು ತಂದು ಜೀಪಿನ ಹಿಂದೆ ಇಟ್ಟ. ಆಮೇಲೆ ಯಾರೂ ಹೇಳದಿದ್ದರೂ ಒಳಗೆ ಹೋಗಿ ಪ್ಲಾಸ್ಟಿಕ್ ಹಾಳೆಗಳ ಕಟ್ಟನ್ನು ಹೊತ್ತು ತಂದ.

"ಇದ್ಯಾಕಪ್ಪ? ನಿಮ್ಮ ಭಾವನ ಮನೇಲಿ ಮಲಗೋಕೆ ಹಾಸಿಗೆ ಇಲ್ವಾ?" ಅಂದ ಡ್ರೈವರ್.

"ಇರ್ಲಿ."

"ಇರ್ಲಿ ಅಂದ್ರೆ ನೀನು ಅದರ ಮೇಲೇ ಕೂತ್ಕೋಬೇಕು. ಜಾಗ ಇಲ್ಲ."

ಅವನು ಅದರ ಮೇಲೇ ಕೂತ. ಹಾಳೆಗಳು ಜಾರುತ್ತಿದ್ದವು, ಜೀಪು ತಿರುಗಿದಾಗೆಲ್ಲ ಅವನೂ ಒಂದಿಷ್ಟು ಜಾರಿ ಮತ್ತೆ ಸರಿಯಾಗಿ ಕೂರುತ್ತಿದ್ದ. ಮುಖ್ಯಸ್ಥರು ಮುಂದೆ ಕೂತು ಫೋನಿನಲ್ಲಿ ಯಾರಿಗೋ ಇವತ್ತಿನ ವಿಷಯ ಹೇಳುತ್ತಿದ್ದರು. ಡ್ರಮ್ಮಿನಿಂದ ತೋಟಕ್ಕೆ ಹೋಗುತ್ತಿರುವುದು ಇದೇ ಮೊದಲು, ಇನ್ನೂರ ನಲವತ್ತು ನಿಂಬೆ ಮರ, ಹತ್ತು ವರ್ಷದವು, ಬಾವಿ ಪೂರ್ತಿ ಉಪ್ಪು, ನಮ್ಮ ಹುಡುಗನ ಸಂಬಂಧಿಕರದೇ ತೋಟ. ಹುಡುಗ ಅಂದರೆ ಅವನು. ಅವನಿಗೆ ಮೂವತ್ತೊಂದು.

ದ್ರಾವಣ ಎಲೆಗೆ ಮಾತ್ರ ಬೀಳಬೇಕು, ಮಣ್ಣಿಗೆ ಬೀಳಬಾರದು. ಅದಕ್ಕೆ ಸಿಂಪಡಿಸುವ ಮುಂಚೆ ಪ್ರತಿ ಡ್ರಮ್ಮಿನ ಬಾಯಿಗೂ ಕಾಂಡದ ಸುತ್ತ ಸರಿಹೋಗುವಂತೆ ಸೀಳಿದ ಒಂದು ಹಾಳೆ ಹೊದಿಸಬೇಕು. ಕೆಲಸ ಮುಗಿದ ಮೇಲೆ ಹಾಳೆ ಅಂಟಂಟಾಗಿರುತ್ತದೆ, ತೊಳೆಯಬೇಕು. ತೊಳೆಯುವ ಕಟ್ಟೆ ಶೆಡ್ಡಿನಿಂದ ಹತ್ತು ಹೆಜ್ಜೆ. ಅವನು ಹಾಳೆಗಳನ್ನು ಕಟ್ಟೆಗೆ ಒಯ್ಯುತ್ತಿರಲಿಲ್ಲ. ಸಿಹಿನೀರಿನ ಪೈಪನ್ನು ಶೆಡ್ಡಿಗೆ ಎಳೆದು ತಂದು, ಹಾಳೆಯ ಒಂದು ಅಂಚನ್ನು ಎತ್ತಿ ಹಿಡಿದು, ಡ್ರಮ್ಮಿನ ಮೇಲೇ ತೊಳೆಯುತ್ತಿದ್ದ. ಪ್ಲಾಸ್ಟಿಕ್ಕಿನ ಮೇಲೆ ನೀರು ಬಿದ್ದಾಗ ಆಗುವ ಸದ್ದು ಅವನಿಗೆ ಹಿಡಿಸುತ್ತಿತ್ತು. ಅದಕ್ಕೇ ಸ್ವಲ್ಪ ಹೆಚ್ಚು ಹೊತ್ತೇ ತೊಳೆಯುತ್ತಿದ್ದ. ನೀರು ಡ್ರಮ್ಮಿನೊಳಗೆ ಇಳಿದು ಮಣ್ಣನ್ನು ಹಾದು ತಳದ ತೂತಿನಿಂದ ಹೊರಗೆ ಹೋಗುತ್ತಿತ್ತು. ಬಿಳಿ ಸಾಲಿನ ಹಾಳೆಗಳಿಗೆ ಬಿದ್ದಿರುತ್ತಿದ್ದದ್ದು ಬರೀ ನೀರು. ಅವನ್ನು ಕೊಡವಿ ಮಡಚಿದರೆ ಮುಗಿಯಿತು. ಎಂಟನೆಯ ತಿಂಗಳಲ್ಲಿ ಮುಖ್ಯಸ್ಥರು ಡ್ರಮ್ಮುಗಳ ಮಣ್ಣಿನಲ್ಲಿ ಉಪ್ಪು ಎಷ್ಟಿದೆ ನೋಡು ಅಂದಾಗ ಅವನು ಎರಡು ಬಿಳಿ, ಎರಡು ನೀಲಿ ಡ್ರಮ್ಮಿನಿಂದ ಮಣ್ಣು ತೆಗೆದು ನೀರಿನಲ್ಲಿ ಕದಡಿ ಉಪ್ಪು ಅಳೆಯುವ ಮೀಟರು ಅದ್ದಿದ. ಬಿಳಿಯವು ಏಳು, ಏಳು. ನೀಲಿಯವು ಎರಡೂವರೆ, ಎರಡು. ಮೀಟರು ಕೆಟ್ಟಿದೆ ಅಂದುಕೊಂಡ. ಮೀಟರನ್ನು ಸರಿಮಾಡಿ ಮತ್ತೆ ಅದ್ದಿದ. ಅದೇ ಬಂತು. ಆಗ ಅವನ ತಲೆಗೆ ಬಂದದ್ದು ಯೋಚನೆಯಲ್ಲ, ಪ್ಲಾಸ್ಟಿಕ್ಕಿನ ಮೇಲೆ ನೀರು ಬೀಳುವ ಸದ್ದು. ಹದಿನೈದು ದಿನಕ್ಕೊಮ್ಮೆ ನೀಲಿ ಸಾಲಿನ ಉಪ್ಪನ್ನೆಲ್ಲ ಅವನೇ ತೊಳೆದು ಹೊರಗೆ ಕಳಿಸಿದ್ದ. ಗಿಡಗಳು ಉಪ್ಪನ್ನು ತಡೆದುಕೊಂಡಿರಲಿಲ್ಲ. ಅವಕ್ಕೆ ಉಪ್ಪು ಸರಿಯಾಗಿ ಸಿಕ್ಕಿಯೇ ಇರಲಿಲ್ಲ. ದ್ರಾವಣವೂ ಒಂದಿಷ್ಟು ಕೆಲಸ ಮಾಡಿರಬಹುದು. ಮಾಡದೆಯೂ ಇರಬಹುದು. ಇನ್ನು ಅದು ಯಾರಿಗೂ ಗೊತ್ತಾಗುವಂತಿರಲಿಲ್ಲ.

ಮುಖ್ಯಸ್ಥರು ಅವತ್ತೂ ಫೋನಿನಲ್ಲಿದ್ದರು. ಅವನು ಬಾಗಿಲಲ್ಲಿ ನಿಂತಿದ್ದ. ಅವರು ಫೋನಿಗೆ ಕೈ ಅಡ್ಡ ಹಿಡಿದು, "ಎಷ್ಟು ಬಂತು?" ಅಂದರು. ಅವರಿಗೆ ಫೋನಿಗೆ ವಾಪಸು ಹೋಗುವ ಅವಸರ ಇತ್ತು, ಅದು ಅವರ ಹುಬ್ಬಿನಲ್ಲಿ ಕಾಣುತ್ತಿತ್ತು. ಅವನು, "ಎರಡೂ ಸಾಲು ಒಂದೇ ತರ ಇದೆ ಸಾರ್" ಅಂದ. "ಇರ್ಲೇಬೇಕಲ್ಲಪ್ಪ, ಒಂದೇ ಟ್ಯಾಂಕು" ಅಂದು ಅವರು ಕೈ ತೆಗೆದರು. ಅಷ್ಟೇ ಆದದ್ದು. ಅವರು ಫೋನಿನಲ್ಲಿ ಇಲ್ಲದೆ ಇದ್ದಿದ್ದರೆ ಹೇಳುತ್ತಿದ್ದೆ ಅಂತ ಅವನು ಎಷ್ಟೋ ದಿನ ಅಂದುಕೊಂಡ. ಅದೂ ಸುಳ್ಳು. ಆಮೇಲೆಯೂ ನಾಲ್ಕು ಸಲ ಸಿಂಪಡಿಸಿದ್ದ, ನಾಲ್ಕು ಸಲವೂ ಹಾಳೆಗಳನ್ನು ಡ್ರಮ್ಮಿನ ಮೇಲೇ ತೊಳೆದಿದ್ದ. ಕಟ್ಟೆಗೆ ಒಯ್ದಿದ್ದರೆ ನೀಲಿ ಸಾಲಿನ ಎಲೆಗಳ ತುದಿ ಸುಡತೊಡಗುತ್ತಿತ್ತು, ಯಾಕೆ ಅಂತ ಕೇಳುತ್ತಿದ್ದರು.

ಜೀಪು ತೋಟದ ಗೇಟಿನೊಳಗೆ ಹೋಗುವಾಗ ಭಾವ ಓಡಿಬಂದ. ಓಡಿಬರುವ ಮನುಷ್ಯನಲ್ಲ ಅವನು. ಮುಖ್ಯಸ್ಥರಿಗೆ ಕೈಮುಗಿದು, ಹಿಂದಿನಿಂದ ಇಳಿಯುತ್ತಿದ್ದ ಅವನ ಕೈಯಿಂದ ಕ್ಯಾನನ್ನು ತಾನೇ ತೆಗೆದುಕೊಂಡ. ಜಗಲಿಯಲ್ಲಿ ಮೂರು ಕುರ್ಚಿ ಹಾಕಿದ್ದರು. ಒಂದು ಮುಖ್ಯಸ್ಥರಿಗೆ, ಒಂದು ಭಾವನಿಗೆ, ಮೂರನೆಯದನ್ನು ಭಾವ ಕೈಯಿಂದ ಒರೆಸಿ, "ಕೂತ್ಕೋ ಬಾ" ಅಂದ. ಅವನು ಕಾಲೇಜಿಗೆ ಹೋಗುತ್ತಿದ್ದ ಮೂರು ವರ್ಷ ಇದೇ ಮನೆಯಲ್ಲಿದ್ದ, ಇದೇ ಜಗಲಿಯಲ್ಲಿ. ಯಾರಾದರೂ ಬಂದಾಗ ಭಾವ ಬಾಯಲ್ಲಿ ಏನೂ ಹೇಳದೆ ಎರಡು ಬೆರಳು ಆಡಿಸುತ್ತಿದ್ದ. ಆ ಬೆರಳಿನ ಅರ್ಥ ಏಳು, ಕುರ್ಚಿ ಬಿಡು. ಅವನು ಎದ್ದು ಗೊಬ್ಬರದ ಮೂಟೆಯ ಮೇಲೆ ಕೂರುತ್ತಿದ್ದ. ಎರಡನೆಯ ವರ್ಷ ಅವನು ಎರಡು ವಿಷಯದಲ್ಲಿ ಫೇಲಾದಾಗ ಭಾವ ಅಂಕಪಟ್ಟಿಯನ್ನು ಬಂದವರೊಬ್ಬರಿಗೆ ಗಟ್ಟಿಯಾಗಿ ಓದಿ ಹೇಳಿದ, ಕ್ರಿಕೆಟ್ಟಿನ ಸ್ಕೋರು ಓದಿದ ಹಾಗೆ. ಬಂದವರು ನಕ್ಕರು. ಅಕ್ಕ ಒಳಗಿನಿಂದ ಪಾತ್ರೆ ಜೋರಾಗಿ ಇಟ್ಟಳು. ಎರಡು ತಿಂಗಳ ಹಿಂದೆ ಕೇಂದ್ರದಲ್ಲಿ ತೋಟಗಾರರಿಗೆ ಶೆಡ್ಡು ತೋರಿಸಿದ ದಿನ ಅದೇ ಭಾವ ನೀಲಿ ಸಾಲಿನ ಮುಂದೆ ಬಹಳ ಹೊತ್ತು ನಿಂತು, ಒಂದು ಎಲೆಯನ್ನು ಬೆರಳಿನ ನಡುವೆ ಹಿಡಿದು, "ಇದನ್ನೆಲ್ಲ ನೀನೇ ಮಾಡಿದ್ಯೇನೋ?" ಅಂತ ಕೇಳಿದ್ದ. ಧ್ವನಿ ಸಣ್ಣದಾಗಿತ್ತು. ಮಣ್ಣು ಅಳೆದು ಆಗ ಒಂದು ವಾರ ಆಗಿತ್ತು. ಅವನು, "ಹೂಂ, ನಾನೇ" ಅಂದಿದ್ದ.

ಈಗ ಅವನು ಕುರ್ಚಿಯ ತುದಿಯಲ್ಲಿ ಕೂತ. ಭಾವ ಮುಖ್ಯಸ್ಥರಿಗೆ ಹೇಳುತ್ತಿದ್ದ: "ಹನ್ನೊಂದು ವರ್ಷ ಆಯ್ತು ಸಾರ್, ಈ ಪೈಪಿನ ಪಾಳಿ ಹಿಡಿದು. ಮೂರು ಮೈಲಿ ಆಚೆಯಿಂದ ಸಿಹಿನೀರು ಬರುತ್ತೆ. ವಾರಕ್ಕೆ ಎರಡು ಸರದಿ. ಬಿಟ್ಟಾಗ ಹಿಡ್ಕೋಬೇಕು, ಬಾವಿ ನೀರಿಗೆ ಅರ್ಧಕ್ಕರ್ಧ ಬೆರೆಸಬೇಕು. ನಾನು ಒಂದು ಮದುವೆಗೂ ಪೂರ್ತಿ ಕೂತಿದ್ದಿಲ್ಲ. ಊಟದ ಎಲೆ ಮುಂದೆ ಫೋನ್ ಬರುತ್ತೆ, ನೀರು ಬಿಟ್ಟಿದೀವಿ ಅಂತ. ಇವಳು ಹೇಳ್ತಾಳೆ, ನೀವು ಮದುವೆ ಆಗಿರೋದು ಪೈಪನ್ನ ಅಂತ."

"ಇನ್ನು ಬಿಡುಗಡೆ" ಅಂದರು ಮುಖ್ಯಸ್ಥರು.

"ಮಧ್ಯಾಹ್ನ ಬರ್ತಾನೆ ಸಾರ್ ಪೈಪಿನವನು. ವಾಲ್ವಿಗೆ ಸೀಲು ಹಾಕ್ತಾನೆ. ನನ್ನ ಪಾಳಿಗೆ ಹದಿನಾಲ್ಕು ಜನ ಕಾಯ್ತಾ ಇದಾರೆ. ಬಿಟ್ಟುಕೊಟ್ರೆ ಮುಗೀತು, ವಾಪಸು ಸಿಗಲ್ಲ. ಅದಕ್ಕೇ ಒಂದು ಸಲ ಇವನನ್ನ ಕೇಳಿಬಿಡೋಣ ಅಂತ." ಭಾವ ಅವನ ಕಡೆ ತಿರುಗಿದ. "ಏನಪ್ಪ, ಸೀಲು ಹಾಕಿಸ್ಲಾ?"

ಬಾವಿಯ ನೀರನ್ನು ಅವನೇ ಅಳೆದಿದ್ದ. ಟ್ಯಾಂಕಿನಲ್ಲಿ ಅವನು ಕಲಕುವ ನೀರಿಗಿಂತ ಒಂದಿಷ್ಟು ಹೆಚ್ಚೇ ಉಪ್ಪು. ಬೆರೆಸದೆ ಕೊಟ್ಟರೆ ಮೊದಲ ಬೇಸಿಗೆಯಲ್ಲಿ ಅಂಚು ಸುಡುತ್ತದೆ, ಎರಡನೆಯದರಲ್ಲಿ ಎಲೆ ಉದುರುತ್ತದೆ. ಮೂರನೆಯದರ ಅಂಕಿಯೂ ಅವನಿಗೆ ಗೊತ್ತಿತ್ತು. ಜೀಪಿನಲ್ಲಿ ಬರುವಾಗ ಅವನು ಒಂದು ಉಪಾಯ ಮಾಡಿಕೊಂಡಿದ್ದ. ಉಪಾಯ ಕೂಡ ಅಲ್ಲ, ಕುಂಡೆಯ ಕೆಳಗೆ ಹಾಳೆಗಳು ಜಾರುತ್ತಿದ್ದಾಗ ತಾನಾಗಿ ಬಂದದ್ದು.

"ಸೀಲು ಬೇಡ" ಅಂದ ಅವನು. "ಸ್ವಲ್ಪ ನೀರು ಬೇಕಾಗುತ್ತೆ. ದ್ರಾವಣ ಹೊಡೆಯೋವಾಗ ಪ್ರತಿ ಮರದ ಬುಡಕ್ಕೂ ಹಾಳೆ ಹಾಸಬೇಕು. ಆಮೇಲೆ ಆ ಹಾಳೆನ ಅಲ್ಲೇ ತೊಳೀಬೇಕು. ಸಿಹಿನೀರಲ್ಲಿ. ಒಂದು ಮರಕ್ಕೆ... ಇನ್ನೂರು ಲೀಟರ್ ಆದ್ರೂ ಬೇಕು. ಹದಿನೈದು ದಿನಕ್ಕೊಂದು ಸಲ."

ಭಾವ ಕಣ್ಣು ಕಿರಿದು ಮಾಡಿದ. "ಹಾಳೆ ತೊಳೆಯೋಕೆ ಇನ್ನೂರು ಲೀಟರಾ? ಎಮ್ಮೆ ತೊಳೆಯೋಕೂ ಅಷ್ಟು ಬೇಡ ಕಣೋ."

ಡ್ರೈವರ್ ಮೆಟ್ಟಿಲ ಮೇಲೆ ಕೂತು ಕಿಸಕ್ಕೆಂದ. ಮುಖ್ಯಸ್ಥರೂ ನಕ್ಕರು, ಮೆಲ್ಲಗೆ, ಅಪ್ಪ ನಕ್ಕ ಹಾಗೆ. "ಪಾಪ, ಇವನು ಡ್ರಮ್ಮಿನ ಅಭ್ಯಾಸದಲ್ಲಿ ಹೇಳ್ತಿದಾನೆ. ಅಲ್ಲಿ ನಾವು ಅಳತೆ ಮಾಡ್ಬೇಕು, ಅದಕ್ಕೆ ಹಾಳೆ. ತೋಟದಲ್ಲಿ ಹಾಳೆಯ ಅವಶ್ಯಕತೆನೇ ಇಲ್ಲ. ನೀವು ಸುಮ್ನೆ ಹೊಡೀರಿ."

ಆದರೂ ಭಾವ ಮುಖ್ಯಸ್ಥರನ್ನು ಬಿಟ್ಟು ಅವನನ್ನೇ ನೋಡುತ್ತಿದ್ದ. "ನೀನು ಹೇಳು. ಬೇಕಾ ಬೇಡ್ವಾ?" ಹನ್ನೊಂದು ವರ್ಷ ನೀರು ಕಾದವನ ಕಣ್ಣು, ಕೆಂಪಗೆ, ಕೆಳಗೆ ಜೋತುಬಿದ್ದ ಚರ್ಮ. ಬೇಕು ಅಂದರೆ ಯಾಕೆ ಅಂತ ಕೇಳುತ್ತಾನೆ. ಕೇಳಿದರೆ ಹೇಳಬೇಕು, ಇಲ್ಲಿ, ಈ ಕುರ್ಚಿಯ ಮೇಲೆ ಕೂತುಕೊಂಡು. ಅವನಿಗೆ ಆ ಹೊತ್ತಿನಲ್ಲಿ ಮರಗಳು ನೆನಪಾಗಲಿಲ್ಲ. ಏಳು ಅಂತ ಅಲುಗುವ ಎರಡು ಬೆರಳು ನೆನಪಾದವು.

"ಬೇಡ" ಅಂದ.

"ಹಾಗೆ ಹೇಳು ಮತ್ತೆ" ಅಂದು ಭಾವ ಅವನ ತೊಡೆ ತಟ್ಟಿದ.

ಸಿಂಪಡಿಸುವ ಕೆಲಸ ಸುಲಭ. ಇನ್ನೂರು ಲೀಟರಿನ ಪೀಪಾಯಿಗೆ ಒಂದು ಲೀಟರು ದ್ರಾವಣ ಅಳೆದು ಹಾಕಿ ಕಲಕಬೇಕು, ಭಾವನ ಮೋಟಾರು ಚಾಲೂ ಮಾಡಬೇಕು, ಉದ್ದ ಕೊಳವೆ ಹಿಡಿದು ಮರದ ಸುತ್ತ ಒಂದು ಸುತ್ತು ಬರಬೇಕು. ಎಲೆಯ ತುದಿಯಿಂದ ಹನಿ ಬೀಳತೊಡಗಿದರೆ ಸಾಕು, ಮುಂದಿನ ಮರ. ಅವನ ಕೈಗೆ ಕೆಲಸ ಗೊತ್ತಿತ್ತು, ತಲೆ ಬೇಕಾಗಿರಲಿಲ್ಲ. ಮರಗಳು ಅವನಿಗಿಂತ ಎತ್ತರ ಇದ್ದವು, ಮುಳ್ಳುಗಳು ಅಂಗಿಗೆ ಸಿಕ್ಕಿಕೊಳ್ಳುತ್ತಿದ್ದವು. ಎಲ್ಲ ಎಲೆಗಳಿಗೂ ಅಭ್ಯಾಸದಿಂದ ಅಂಕಿ ಕೊಡುತ್ತಾ ಹೋದ: ಸೊನ್ನೆ, ಸೊನ್ನೆ, ಒಂದು, ಸೊನ್ನೆ. ಒಳ್ಳೆಯ ಮರಗಳು. ಇವುಗಳಲ್ಲಿ ಮೊದಲ ಎರಡು ಸಾಲಿಗೆ ಕಾಲೇಜಿನ ದಿನಗಳಲ್ಲಿ ಗುಂಡಿ ತೋಡಿದವನು ಅವನು. ಇದಕ್ಕೂ ಏನಾದರೂ ಅನ್ನಿಸಬೇಕಿತ್ತು. ಅವನು ಕಾದು ನೋಡಿದ. ಮೋಟಾರಿನ ಸದ್ದು ಮಾತ್ರ ಇತ್ತು. ಮೂರು ಸಾಲು ಮುಗಿಯುವಾಗ ಪೀಪಾಯಿ ಖಾಲಿಯಾಯಿತು. ಗೇಟಿನ ಹತ್ತಿರ ಒಬ್ಬ ಮನುಷ್ಯ ಸೈಕಲ್ಲು ನಿಲ್ಲಿಸಿ, ಚೀಲದಿಂದ ತಂತಿ ಮತ್ತು ಇಕ್ಕಳ ತೆಗೆಯುತ್ತಿದ್ದುದು ಕಾಣಿಸಿತು. ಪೈಪಿನವನು. ಭಾವ ಮತ್ತು ಮುಖ್ಯಸ್ಥರು ಅವನ ಕಡೆ ನಡೆದು ಹೋಗುತ್ತಿದ್ದರು.

ಪೀಪಾಯಿಗೆ ನೀರು ತುಂಬಿಸಬೇಕಿತ್ತು. ಅವನು ಮನೆಯ ಹಿಂದಕ್ಕೆ ಹೋದ. ಅಕ್ಕ ಅಲ್ಲಿ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಿದ್ದಳು. ತಲೆ ಎತ್ತದೆ, "ಬಂದಾಗಿಂದ ಒಳಗೆ ಬಂದಿಲ್ಲ. ಕುರ್ಚಿ ಸಿಕ್ಕಿದ ಮೇಲೆ ಅಕ್ಕ ಯಾಕೆ ಬೇಕು?" ಅಂದಳು. ಅವನು ಗೋಡೆ ಪಕ್ಕದ ಬಕೆಟ್ಟು ತೆಗೆದುಕೊಂಡ. ಅವಳು ಒಂದು ಅಂಗಿಯನ್ನು ಹಿಂಡಿ ಬದಿಗಿಟ್ಟಳು. "ನಿನ್ನೆಯಿಂದ ಇವರು ನಿದ್ದೆ ಮಾಡಿಲ್ಲ, ಖುಷಿಗೆ. ಊರಿನವರಿಗೆಲ್ಲ ಹೇಳ್ಕೊಂಡು ಬಂದಿದಾರೆ, ನಮ್ಮ ಭಾಮೈದ ಕಂಡುಹಿಡಿದಿದಾನೆ ಅಂತ. ನಾನಂದೆ, ಅವನು ಕಂಡುಹಿಡಿದಿದ್ದು ಅಲ್ಲ, ಸಾಹೇಬ್ರದ್ದು ಅಂತ. ಇವರು ಕೇಳಲ್ಲ."

"ಅಕ್ಕ, ಅದು ಕೆಲಸ ಮಾಡುತ್ತೆ ಅಂತ ಗೊತ್ತಿಲ್ಲ" ಅಂದ ಅವನು.

ಅವಳು ಕೈ ನಿಲ್ಲಿಸಿದಳು. ಅವನು ಹೇಳಿದ. ಹಾಳೆಯ ವಿಷಯ, ಹತ್ತು ಹೆಜ್ಜೆಯ ವಿಷಯ, ಮಣ್ಣಿನಲ್ಲಿ ಬಂದ ಏಳು ಮತ್ತು ಎರಡು, ಫೋನು. ಯಾವುದೂ ದೊಡ್ಡದಾಗಿ ಕೇಳಿಸಲಿಲ್ಲ. ಬೇರೆ ಯಾರದ್ದೋ ಹಾಜರಿ ಕೂಗುವ ಹಾಗೆ ಒಂದರ ಹಿಂದೆ ಒಂದು ಹೇಳಿದ. ಹೇಳುತ್ತಿರುವಾಗ ಅವನ ಕಣ್ಣು ಕಲ್ಲಿನಿಂದ ಹರಿದ ಸೋಪಿನ ನೀರಿನ ಮೇಲಿತ್ತು. ಅದು ಒಂದು ಚಿಕ್ಕ ಕಾಲುವೆಯಲ್ಲಿ ಹೋಗಿ ಮನೆ ಹಿಂದಿನ ಒಂಟಿ ಮರದ ಬುಡ ಸೇರುತ್ತಿತ್ತು.

"ನಿಮ್ಮ ಸಾಹೇಬ್ರಿಗೆ ಗೊತ್ತಾ?"

"ಇಲ್ಲ."

"ಇವರಿಗೆ?"

"ಇಲ್ಲ."

"ಮತ್ತೆ ನಂಗ್ಯಾಕೆ ಹೇಳಿದೆ?"

ಅವನಿಗೆ ಗೊತ್ತಿರಲಿಲ್ಲ. ಅಥವಾ ಗೊತ್ತಿತ್ತು. ಚಿಕ್ಕಂದಿನಲ್ಲಿ ಪಾತ್ರೆ ಒಡೆದಾಗ, ಪುಸ್ತಕ ಕಳೆದಾಗ ಅವನು ಇವಳ ಹತ್ತಿರ ಬಂದು ನಿಲ್ಲುತ್ತಿದ್ದ, ಇವಳು ಹೋಗಿ ಅಪ್ಪನಿಗೆ ಹೇಳುತ್ತಿದ್ದಳು, ಬೈಗುಳದ ಅರ್ಧ ಇವಳಿಗೇ ಬೀಳುತ್ತಿತ್ತು. ಅಕ್ಕ ಅವನ ಮುಖವನ್ನು ನೋಡಿದಳು. ಬೈಯಲಿಲ್ಲ. "ಇನ್ನೂರ ನಲವತ್ತು ಮರ ಕಣೋ" ಅಂದಳು, ಬಹಳ ಮೆಲ್ಲಗೆ, ಒಂದು ಸಂಖ್ಯೆಯನ್ನು ಅವನಿಗೆ ಕಲಿಸಿಕೊಡುವ ಹಾಗೆ. "ನೀನು ಹೋಗಿ ಹೇಳ್ತೀಯಾ? ಅಲ್ಲಿ ಸೀಲು ಹಾಕ್ತಿದಾರೆ."

ಅವನು ಬಕೆಟ್ಟನ್ನು ನಲ್ಲಿಯ ಕೆಳಗಿಟ್ಟ. ನಲ್ಲಿ ತಿರುಗಿಸಿದ.

ಅಕ್ಕ ಎದ್ದಳು. ಒದ್ದೆ ಕೈಯನ್ನು ಸೊಂಟಕ್ಕೆ ಒರೆಸಿಕೊಂಡು, ಸಿಕ್ಕಿಸಿದ ಸೆರಗು ಬಿಚ್ಚದೆ, ಚಪ್ಪಲಿ ಹಾಕದೆ ಮನೆಯ ಮೂಲೆ ತಿರುಗಿ ಹೋದಳು. ಅವನು ಬಕೆಟ್ಟು ತುಂಬುವುದನ್ನು ನೋಡಿದ. ತುಂಬಿದ ಮೇಲೆ ಹೊತ್ತುಕೊಂಡು ಹೋಗಿ ಪೀಪಾಯಿಗೆ ಸುರಿದ. ಮತ್ತೆ ಬಂದ. ಮೂರನೆಯ ಸಲ ಹೋಗುವಾಗ ಮರಗಳ ನಡುವಿನಿಂದ ವಾಲ್ವಿನ ಕಟ್ಟೆ ಕಾಣಿಸಿತು. ಅಕ್ಕ ಭಾವನನ್ನು ಸ್ವಲ್ಪ ದೂರಕ್ಕೆ ಕರೆದೊಯ್ದು ಹೇಳುತ್ತಿದ್ದಳು. ಮುಖ್ಯಸ್ಥರು ಬೆನ್ನು ತಿರುಗಿಸಿ ಸಮುದ್ರದ ಕಡೆಯ ಆಕಾಶವನ್ನು ಮೊಬೈಲಿನಲ್ಲಿ ಹಿಡಿಯುತ್ತಿದ್ದರು. ಪೈಪಿನವನು ತಂತಿಯನ್ನು ಎರಡು ಸುತ್ತು ಸುತ್ತಿ, ಇಕ್ಕಳ ಕೈಯಲ್ಲಿ ಹಿಡಿದು ಕಾಯುತ್ತಿದ್ದ. ಭಾವ ಒಂದು ಸಲವೂ ಬಕೆಟ್ಟು ಹಿಡಿದು ನಿಂತ ಅವನ ಕಡೆ ತಿರುಗಲಿಲ್ಲ. ಅಕ್ಕ ಮುಗಿಸಿದ ಮೇಲೆ ಪೈಪಿನವನ ಹತ್ತಿರ ಹೋಗಿ ಏನೋ ಹೇಳಿದ. ಪೈಪಿನವನು ಕೈ ಆಡಿಸಿ ಜೋರು ಮಾಡಿದ, ಸೈಕಲ್ಲು ತುಳಿದುಕೊಂಡು ಬಂದ ದಾರಿ ತೋರಿಸಿದ. ಭಾವ ತಾನೇ ಬಗ್ಗಿ ತಂತಿಯನ್ನು ಬಿಚ್ಚಿದ.

ಮುಖ್ಯಸ್ಥರಿಗೆ ಭಾವ ಹೇಳಿದ್ದು ಅವನಿಗೂ ಕೇಳಿಸಿತು. "ಇವಳ ಮನಸ್ಸಿಗೆ ಯಾಕೋ ಬರ್ತಿಲ್ಲ ಸಾರ್. ಈ ವರ್ಷ ಪೈಪು ಇರ್ಲಿ. ನೀವು ಹೊಡೆದಿದ್ದು ಹೊಡೆದಾಯ್ತು. ಮುಂದಿನ ವರ್ಷ ನೋಡೋಣ."

"ಹೆಂಗಸರ ಮಾತು ಕೇಳ್ಕೊಂಡು..." ಅಂದರು ಮುಖ್ಯಸ್ಥರು.

"ಹೌದು ಸಾರ್. ಏನ್ ಮಾಡೋದು, ಮನೇಲಿ ಊಟ ಹಾಕೋಳು ಅವಳೇ."

ಭಾವ ಆಮೇಲೆ ಅವನ ಹತ್ತಿರ ಬಂದ. ಅವನು ಪೀಪಾಯಿಯಲ್ಲಿ ಕೋಲಾಡಿಸುತ್ತಿದ್ದ, ದ್ರಾವಣ ಹಾಕದ ಬರೀ ನೀರನ್ನು. ಭಾವ ತನಗೆ ಹೊಡೆಯಬಹುದು ಅಂತ ಅವನಿಗೆ ಅನ್ನಿಸಿತು. ಒಂದು ಏಟು ಬಿದ್ದರೆ ಒಳ್ಳೆಯದಿತ್ತು. ಭಾವ ಕೋಲನ್ನು ಅವನ ಕೈಯಿಂದ ತೆಗೆದುಕೊಂಡು ಪೀಪಾಯಿಗೆ ಒರಗಿಸಿಟ್ಟ. "ನಿನ್ನ ಕೆಲಸ ಹೋಗುತ್ತೆ ಅಂತ ನಿಮ್ಮಕ್ಕ ಹೆದರಿದಾಳೆ. ನಾನು ಯಾರ ಹತ್ರನೂ ಬಾಯಿ ಬಿಡಲ್ಲ" ಅಂದ. ಅವನ ಮುಖವನ್ನು ನೋಡಲಿಲ್ಲ, ಪೀಪಾಯಿಯ ನೀರನ್ನು ನೋಡುತ್ತಾ ಹೇಳಿದ. ಆಮೇಲೆ, "ಇವತ್ತು ಸರದಿ ಇದೆ. ಐದು ಗಂಟೆಗೆ ಬಿಡ್ತಾರೆ" ಅಂದು, ಬಾವಿಯ ಕಡೆ ಹೋದ. ಹೋಗುವಾಗ ಅವನ ನಡಿಗೆ ಹನ್ನೊಂದು ವರ್ಷದ ಹಿಂದಿನಂತೆಯೇ ಇತ್ತು, ಕತ್ತು ಮುಂದಕ್ಕೆ ಚಾಚಿ, ಎಲ್ಲಿಗೋ ತಡವಾಗಿದೆ ಅನ್ನುವ ಹಾಗೆ.

ವಾಪಸು ಬರುವಾಗಲೂ ಅವನು ಜೀಪಿನಲ್ಲಿ ಹಾಳೆಗಳ ಕಟ್ಟಿನ ಮೇಲೇ ಕೂತ. ಡ್ರೈವರ್ ಒಂದೆರಡು ಸಲ ಏನೋ ಹೇಳಲು ಹೋಗಿ ಮುಖ್ಯಸ್ಥರ ಕಿವಿ ಕೆಂಪಗಿರುವುದನ್ನು ನೋಡಿ ಸುಮ್ಮನಾದ. ಅರ್ಧ ದಾರಿಯ ನಂತರ ಮುಖ್ಯಸ್ಥರು ಹಿಂದೆ ತಿರುಗದೆ, "ಏನಾಯ್ತಪ್ಪ ನಿಮ್ಮ ಭಾವನಿಗೆ?" ಅಂದರು.

"ಗೊತ್ತಿಲ್ಲ ಸಾರ್."

"ಸಂಬಂಧಿಕರ ಹತ್ರ ಹೋಗ್ಲೇಬಾರದು. ಅವರಿಗೆ ನಿನ್ನನ್ನ ನೋಡಿದ್ರೆ ನಿನ್ನ ಚಡ್ಡಿ ಹಾಕ್ಕೊಂಡ ಕಾಲ ನೆನಪಾಗುತ್ತೆ. ನಂಬಲ್ಲ." ತಾವು ಹೇಳಿದ್ದು ತಮಗೇ ಹಿಡಿಸಿ ಅವರು ಸ್ವಲ್ಪ ಹಗುರಾದರು. "ಹೋಗ್ಲಿ ಬಿಡು. ಗುರುವಾರ ಇನ್ನೊಂದು ಕಡೆ ಮಾತಾಡಿದೀನಿ. ಆ ಹೆಣ್ಣುಮಗಳು ಆವತ್ತು ಶೆಡ್ಡು ನೋಡೋಕೆ ಬಂದಿದ್ರಲ್ಲ, ಗಂಡ ತೀರಿಕೊಂಡ ಮೇಲೆ ತಾನೇ ತೋಟ ನೋಡ್ತಿರೋರು, ನಿನ್ನ ಹತ್ರ ಬಹಳ ಪ್ರಶ್ನೆ ಕೇಳಿದ್ರು. ಸಾವಿರದ ನೂರು ಮರ, ಕಿತ್ತಳೆ. ಧೈರ್ಯ ಇದೆ ಅವರಿಗೆ. ಮಳೆನೀರಿನ ಹೊಂಡ ಇದೆಯಲ್ಲ, ಅದನ್ನೇ ಮುಚ್ಚಿಸಿ ಅಲ್ಲೂ ಗಿಡ ಹಾಕ್ತಾರಂತೆ. ಇನ್ನು ಸಿಹಿನೀರು ಯಾಕೆ ಬೇಕು ಅಂದ್ರು ಫೋನಲ್ಲಿ."

ಆ ಹೆಂಗಸು ಅವನಿಗೆ ನೆನಪಾದರು. ದಪ್ಪ ಕನ್ನಡಕ, ಕೈಯಲ್ಲಿ ಒಂದು ನೋಟ್‌ಬುಕ್ಕು. ಅವನು ಹೇಳಿದ್ದನ್ನೆಲ್ಲ ಬರೆದುಕೊಂಡಿದ್ದರು, ಒಂದು ಸಂಖ್ಯೆ ಸರಿಯಾಗಿ ಕೇಳಿಸದಿದ್ದಾಗ, "ಇನ್ನೊಂದು ಸಲ ಹೇಳಿ ಸಾರ್" ಅಂದಿದ್ದರು. ಅವನನ್ನು ಸಾರ್ ಅಂದವರು ಅವರೊಬ್ಬರೇ.

ಮುಖ್ಯಸ್ಥರು ಈಗ ಹಿಂದೆ ತಿರುಗಿದರು. ನಗುತ್ತಿದ್ದರು. "ಅಲ್ಲಿ ನಿನಗೆ ಅಕ್ಕ ಪಕ್ಕ ಯಾರೂ ಇಲ್ಲ ತಾನೆ?"

"ಇಲ್ಲ ಸಾರ್."

"ಒಳ್ಳೇದಾಯ್ತು. ದ್ರಾವಣ ಎಷ್ಟು ಬೇಕಾಗುತ್ತೆ ನೋಡು."

ಮರಕ್ಕೆ ಮೂರು ಲೀಟರಿನಂತೆ ಮೂರು ಸಾವಿರದ ಮುನ್ನೂರು. ಲೀಟರಿಗೆ ಐದು ಮಿಲಿಯಂತೆ. "ಹದಿನಾರೂವರೆ ಸಾರ್" ಅಂದ ಅವನು.

"ಹದಿನೇಳು ಇಟ್ಕೊ" ಅಂದರು ಮುಖ್ಯಸ್ಥರು. ಅವನು ಜೇಬಿನಿಂದ ಪೆನ್ನು ತೆಗೆದು, ಜೀಪು ಕುಲುಕುವುದು ನಿಲ್ಲಲಿ ಅಂತ ಕಾದು, ಅಂಗೈ ಮೇಲೆ ಗುರುವಾರ, ಹದಿನೇಳು ಎಂದು ಬರೆದುಕೊಂಡ.